ತೊಟ್ಟಿಗಿಳಿಸಿದ ಅರ್ತ್ ವೈರು

ನಾಗರತ್ನಮ್ಮ ಟೀಚರ ಮೀನಿನ ತೊಟ್ಟಿಗೆ ನೀರು ತಾನಾಗಿಯೇ ತುಂಬುವ ಏರ್ಪಾಡು ಮಾಡಿಕೊಟ್ಟು ಬಂದ ಮೇಲೆ ಲಿಡ್ವಿನ್‌ಗೆ ಊಟ ಸೇರಿರಲಿಲ್ಲ. ಬಾಳ್ಳುಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಅವನದು. ಆನೇಮಹಲ್‌ನಲ್ಲಿದ್ದ ಟೀಚರು ಮೂರನೇ ಕ್ಲಾಸಿನಲ್ಲಿ ಅವನಿಗೆ ಮಗ್ಗಿ ಕಲಿಸಿದವರು. ಬಕೆಟ್ಟಿನಲ್ಲಿ ಕೂಲರಿನ ಪಂಪು, ತೊಟ್ಟಿಯಲ್ಲೊಂದು ತೇಲುವ ಸ್ವಿಚ್ಚು, ಅಷ್ಟೇ. ನೀರಿದ್ದಲ್ಲಿ ಅರ್ತ್ ಮರೆಯಬೇಡಿ ಎಂದು ವೈರಿಂಗ್ ಕಲಿಸುವ ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದರು. ಅದಕ್ಕೇ ಸ್ಟೀಲ್ ಪಟ್ಟಿಯೊಂದನ್ನು ತೊಟ್ಟಿಯ ನೀರಿಗಿಳಿಸಿ ಅರ್ತ್ ವೈರು ಕಟ್ಟಿದ್ದ. ಆದರೂ ಮನಸ್ಸು ನಿಲ್ಲುತ್ತಿರಲಿಲ್ಲ.

ಗುರುವಾರ ಟೀಚರ ನೆರೆಮನೆಯ ಕೃಷ್ಣಪ್ಪ ಸುಟ್ಟ ಮೋಟರು ತಂದವನು ಮಾತಿಗೆ ಹೇಳಿದ.

"ಟೀಚರ ಮನೆ ನ್ಯೂಟ್ರಲ್ ನೆನ್ನೆ ಹೋಗ್ಬುಟ್ಟಿತ್ತು ಮಾರಾಯ. ಅರ್ತ್ ಪೈಪಿಗೇ ಕಟ್‌ಕೊಟ್ಟೆ. ಈಗ ದೀಪ ಉರೀತಾ ಐತೆ."

ಆ ಕಡೆಯ ಊರುಗಳಲ್ಲಿ ಇದು ಹೊಸತಲ್ಲ. ಕರೆಂಟು ಮರಳುವ ನ್ಯೂಟ್ರಲ್ ತಂತಿ ಹೋದರೆ ಅಂಗಳದ ಅರ್ತ್ ಪೈಪೇ ಗತಿ, ದೀಪ ಮಂಕಾದರೆ ಅದರ ಬುಡಕ್ಕೆ ಎರಡು ಕೊಡ ನೀರು. ಆದರೆ ಈಗ ಮಾರ್ಚಿ, ಪೈಪು ಹೂತ ಗುಂಡಿ ಒಣಗಿರುತ್ತದೆ. ನೆಲಕ್ಕೆ ಇಳಿಯಲಾಗದ ಕರೆಂಟು ಅರ್ತ್ ವೈರು ಹಿಡಿದು ನೇರ ಮೀನಿನ ನೀರಿಗೆ ಬರುತ್ತದೆ. ದಾರಿ ಮಾಡಿಕೊಟ್ಟವನು ತಾನೇ.

ಲಿಡ್ವಿನ್ ಎದುರಿನ ಎಸ್‌ಟಿಡಿ ಬೂತಿಗೆ ಓಡಿದ. ಟೀಚರೇ ಫೋನೆತ್ತಿದರು. ತೊಟ್ಟಿಯ ಗಾಜು ಉಜ್ಜಬೇಕೆಂದು ಹೊರಟಿದ್ದರಂತೆ. ಮೊದಲು ಸ್ವಿಚ್ ಆರಿಸಿ, ಆಮೇಲೆ ಕೈ ಹಾಕಿ ಎಂದು ಎರಡು ಸಲ ಹೇಳಿ ಫೋನಿಟ್ಟ.

ಇಟ್ಟ ಮೇಲೆ ಹೊಳೆಯಿತು. ಸ್ವಿಚ್ಚು ತಡೆಯುವುದು ಕರೆಂಟು ಬರುವ ಫೇಸ್ ತಂತಿಯನ್ನು ಮಾತ್ರ. ಅರ್ತ್ ವೈರಿಗೆ ಸ್ವಿಚ್ಚೇ ಇಲ್ಲ, ಮನೆಯಲ್ಲಿ ಬೇರೊಂದು ದೀಪ ಉರಿಯುತ್ತಿದ್ದರೂ ಸಾಕು, ಕರೆಂಟು ನೀರಿಗೆ ಬರುತ್ತದೆ. ಕೈ ಹಾಕಿ ಎಂದವನೂ ತಾನೇ.

ಮತ್ತೆ ನಂಬರು ತಿರುಗಿಸಿದರೆ ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಕೃಷ್ಣಪ್ಪನ ಬೈಕಿನ ಕೀಲಿ ಕಿತ್ತುಕೊಂಡು ಹೊರಟ. ಹೆದ್ದಾರಿಯ ಒಂದೊಂದು ಲಾರಿಯೂ ತನ್ನನ್ನು ತಡೆಯಲೆಂದೇ ಬಂದಂತಿತ್ತು.

ಬಾಗಿಲು ತೆರೆದೇ ಇತ್ತು. ಮಂಡಿನೋವಿನ ಟೀಚರು ಎತ್ತರದ ಮರದ ಸ್ಟೂಲಿನ ಮೇಲೆ ಕೂತು, ಅಡ್ಡಪಟ್ಟಿಗೆ ಕಾಲು ಆನಿಸಿ, ಮೊಣಕೈವರೆಗೆ ತೊಟ್ಟಿಗೆ ಕೈಯಿಳಿಸಿ ಪಾಚಿ ಉಜ್ಜುತ್ತಿದ್ದರು. ಕೆಳಗಿನ ರೆಡ್ ಆಕ್ಸೈಡ್ ನೆಲ ಒದ್ದೆಯಾಗಿತ್ತು. ಅವನನ್ನು ಕಂಡವರೇ ಏಳಲು ಒಂದು ಕಾಲು ಇಳಿಬಿಟ್ಟರು.

ಇಷ್ಟು ಹೊತ್ತು ಮರದ ಸ್ಟೂಲು ಅವರನ್ನು ಕಾದಿತ್ತು; ಕಾಲು ಒದ್ದೆ ನೆಲ ಮುಟ್ಟಿದರೆ ಕರೆಂಟು ಅವರ ಮೈಯೊಳಗಿಂದಲೇ ನೆಲಕ್ಕಿಳಿಯುತ್ತದೆ. ಕೂಗಿದರೆ ಗಾಬರಿಯಾಗಿ ಇಳಿದೇಬಿಡುತ್ತಾರೆ. ಲಿಡ್ವಿನ್ ದನಿ ತಗ್ಗಿಸಿದ.

"ಟೀಚರೇ, ಕಾಲು ನೆಲಕ್ಕಿಡಬೇಡಿ. ಮೊದ್ಲು ಕೈ ತೆಗೀರಿ."

"ಸ್ವಿಚ್ ಆರಿಸಿದೀನಲ್ಲೋ. ನೀನೇ ಹೇಳ್ದಂಗೆ."

"ತಪ್ಪು ಹೇಳಿದ್ದೆ. ಕೈ ತೆಗೀರಿ."

ಅವನ ಮುಖ ನೋಡಿ ಅವರು ಕೈಯೆತ್ತಿದರು. ಆಮೇಲೆ ಕಾಲು ನೆಲ ಮುಟ್ಟಿತು. ಲಿಡ್ವಿನ್ ನೀರಿಗೆ ಟೆಸ್ಟರ್ ತಾಗಿಸಿದ. ಅದರ ಪುಟ್ಟ ದೀಪ ಕೆಂಪಗೆ ಹೊತ್ತಿತು. ಟೀಚರು ಅದನ್ನು ನೋಡಿದರು, ಆರಿದ್ದ ಸ್ವಿಚ್ಚನ್ನೂ ನೋಡಿದರು. ಅವನು ಪ್ಲಗ್ಗು ಕಿತ್ತ, ಹೋಗಿ ಮೇನ್ ಸ್ವಿಚ್ಚನ್ನೂ ಇಳಿಸಿದ.

"ಕೃಷ್ಣಪ್ಪ ಈ ಬೀದೀಲಿ ಇನ್ಯಾರ ಮನೇಲಿ ಹಿಂಗೆ ಪೈಪಿಗೆ ಕಟ್ಟಿಕೊಟ್ಟವ್ನೆ?" ಎಂದು ಕೇಳಿದ.

ಟೀಚರು ಒದ್ದೆ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಹೆಸರು ಹೇಳತೊಡಗಿದರು. ಒಂದು ಕೈಯ ಬೆರಳು ಸಾಲಲಿಲ್ಲ.