ಹನ್ನೊಂದು ಮೀಟರಿನ ಕೆಳಗೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ‘ಮಣ್ಣಕ್ಕ’ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಇಪ್ಪತ್ತೆರಡು ವರ್ಷ ಮಣ್ಣನ್ನೇ ನೋಡಿದವಳಿಗೆ ಇನ್ನೇನು ಹೆಸರು ಬಂದೀತು ಎಂದು ಅವಳೂ ಸುಮ್ಮನಿದ್ದಳು.

ಕಟ್ಟಡ ಏಳಬೇಕಾದ ಜಾಗದಲ್ಲಿ ಯಂತ್ರವೊಂದು ಉಕ್ಕಿನ ಮೊನೆಯನ್ನು ನೆಲದೊಳಕ್ಕೆ ಒತ್ತುತ್ತ ಹೋಗುತ್ತದೆ. ಮೊನೆಗೆ ಎಷ್ಟು ತಡೆ ಸಿಕ್ಕಿತು, ಪಕ್ಕದಲ್ಲಿ ಎಷ್ಟು ಉಜ್ಜಿತು ಎಂಬುದು ಎರಡೆರಡು ಸೆಂಟಿಮೀಟರಿಗೆ ದಾಖಲಾಗುತ್ತದೆ. ಆ ಅಂಕಿಗಳನ್ನು ಓದಿ ಇದು ಮರಳು, ಇದು ಜೇಡಿಮಣ್ಣು ಎಂದು ಗೆರೆ ಎಳೆಯುವುದು ಅವಳ ಕೆಲಸ. ಹಿಂದೆ ಅವಳೂ ಹಿರಿಯ ಎಂಜಿನಿಯರೂ ಒಂದೇ ಮೇಜಿಗೆ ಬಾಗಿ, ಪೆನ್ಸಿಲ್ ಹಿಡಿದು, ಒಂದೊಂದು ಗೆರೆಗೂ ಜಗಳವಾಡುತ್ತಿದ್ದರು. ಅವರು ನಿವೃತ್ತರಾದರು, ಸಾಫ್ಟ್‌ವೇರ್ ಬಂತು. ಅದು ಅರೆ ನಿಮಿಷದಲ್ಲಿ ಬಣ್ಣದ ಪದರಗಳನ್ನು ಜೋಡಿಸಿ ಕೊಡುತ್ತದೆ. ಜಗಳವಾಡುವುದಿಲ್ಲ.

ಮನೆಯಲ್ಲೂ ಅಷ್ಟೆ. ಜೊತೆಗಿದ್ದ ತಂಗಿ ನಲವತ್ತರ ಹೊಸ್ತಿಲಲ್ಲಿ ಮದುವೆಯಾಗಿ ಹೋದಮೇಲೆ ಆ ಎರಡು ಕೋಣೆಗಳಲ್ಲಿ ಮಾತೆಂದರೆ ಫೋನಿನ ಮಾತು. ಅದೂ ವಾರದಿಂದ ವಾರಕ್ಕೆ ಮೊಟಕಾಗುತ್ತಿತ್ತು.

ಒಂದು ಬುಧವಾರ ಶಾಲೆಯ ಕಟ್ಟಡಕ್ಕೆಂದು ಗುರುತಿಸಿದ ಜಾಗದ ಫೈಲು ಬಂತು. ಸಾಫ್ಟ್‌ವೇರ್ ಐದು ಪದರ ತೋರಿಸಿತು. ಏಳರಿಂದ ಹದಿನಾಲ್ಕು ಮೀಟರಿನವರೆಗೆ ಒಂದೇ ಹಳದಿ, ಅಂದರೆ ಗಟ್ಟಿ ಮರಳು. ಅಡಿಪಾಯದ ಕಂಬಗಳನ್ನು ಹತ್ತು ಮೀಟರಿಗೆ ನಿಲ್ಲಿಸಬಹುದು. ಅವಳು ಅಭ್ಯಾಸಬಲದಿಂದ ಬಣ್ಣ ತೆಗೆದು, ಮೊನೆಗೆ ಸಿಕ್ಕ ತಡೆಯ ಬರಿಯ ಗೆರೆಯನ್ನು ನೋಡಿದಳು. ಹನ್ನೊಂದು ಮೀಟರ್ ದಾಟಿ ಸ್ವಲ್ಪ ಕೆಳಗೆ ಗೆರೆ ಗಕ್ಕನೆ ಎಡಕ್ಕೆ ಜಾರಿ, ಒಂದು ಗೇಣಿನಷ್ಟು ಹಾಗೇ ಇಳಿದು, ಮತ್ತೆ ಬಲಕ್ಕೆ ಬಂದಿತ್ತು. ಎಡಕ್ಕೆ ಜಾರಿತೆಂದರೆ ಅಲ್ಲಿ ಮಣ್ಣು ಮೆತ್ತಗಿದೆ ಎಂದರ್ಥ, ಹತ್ತು ಮೀಟರಿಗೆ ನಿಂತ ಕಂಬದ ಬುಡದಲ್ಲೇ ಅದಿದ್ದರೆ ಭಾರ ಬಿದ್ದಂತೆ ಕಂಬ ಕುಸಿದೀತು. ಅರ್ಧ ಮೀಟರಿಗಿಂತ ತೆಳುವಾದದ್ದನ್ನು ಪಕ್ಕದ ಪದರಕ್ಕೆ ಸೇರಿಸಿಬಿಡು ಎಂದು ಸಾಫ್ಟ್‌ವೇರಿಗೆ ಯಾರೋ ಹೇಳಿಟ್ಟಿದ್ದರು. ಅದು ಹೇಳಿದ ಮಾತು ಕೇಳಿತ್ತು.

ಮೊನೆಯನ್ನು ಇನ್ನೂ ಕೆಳಗಿಳಿಸಲು ಮೇಲಿಂದ ಮತ್ತೊಂದು ರಾಡು ಸೇರಿಸಬೇಕೆಂದು ಯಂತ್ರ ನಿಲ್ಲಿಸಿದಾಗ ಗೆರೆ ಹೀಗೆ ಬೀಳುವುದು ಹೊಸದೇನಲ್ಲ, ಇಲ್ಲದ ಉಸಾಬರಿ ಬೇಡ, ಸಂಜೆಯೊಳಗೆ ವರದಿ ಹೋಗಲಿ ಎಂದರು ಮ್ಯಾನೇಜರ್. ಅದೂ ಸುಳ್ಳಲ್ಲ. ಆದರೆ ಎಲ್ಲಿ ನಿಲ್ಲಿಸಿದ್ದು ಎಂಬುದು ಯಂತ್ರ ನಡೆಸಿದವನಿಗೆ ಗೊತ್ತು. ಅವಳು ಆಪರೇಟರಿಗೆ ಫೋನ್ ಮಾಡಿ, ಹನ್ನೊಂದೂವರೆಯ ಹತ್ತಿರ ನಿಲ್ಲಿಸಿದ್ದಿರಾ ಎಂದು ಕೇಳಿದಳು. ಆ ಕಡೆ ಪುಟ ತಿರುವುವ ಸದ್ದಾಯಿತು.

“ಇಲ್ಲ ಮೇಡಂ. ಹನ್ನೊಂದಕ್ಕೆ ನಿಲ್ಸಿದ್ದೆ, ಆಮೇಲೆ ಹನ್ನೆರಡಕ್ಕೆ. ನಡುವೆ ಒಂದ್ಸಲ ಎಂಜಿನ್ ಸದ್ದು ಹಗುರಾಯ್ತು. ಹೇಳೋಣ ಅಂದ್ಕೊಂಡೆ. ಯಾರಿಗೆ ಹೇಳೋದು? ಈಗೆಲ್ಲ ಯಾರೂ ಕೇಳಲ್ವಲ್ಲ.”

ಅವಳು ಫೋನಿಟ್ಟಳು. ಆಮೇಲೆ ಎದ್ದು ಹೋಗಿ, ಈ ವರದಿಗೆ ತಾನು ಸಹಿ ಹಾಕುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದಳು. ಇಷ್ಟು ವರ್ಷದಲ್ಲಿ ಆಡದ ಮಾತು. ಅವರು ದುರುಗುಟ್ಟಿ ನೋಡಿ, ಮತ್ತೊಮ್ಮೆ ಪರೀಕ್ಷಿಸಲು ಒಂದು ದಿನ ಕೊಟ್ಟರು.

ಮರುದಿನ ಬೆಳಗ್ಗೆ ಎರಡು ಬಸ್ಸು ಬದಲಿಸಿ ಜಾಗಕ್ಕೆ ಹೋದಳು. ಒಂಬತ್ತು ವರ್ಷದಿಂದ ಆಪರೇಟರನ ದನಿ ಗೊತ್ತು, ಮುಖ ನೋಡಿದ್ದು ಅಂದೇ. ನರೆತ ಮೀಸೆ, ಗ್ರೀಸ್ ಹಿಡಿದ ಕೈ. ಎಂಟು ಹೆಜ್ಜೆ ಆಚೆ ಮತ್ತೊಮ್ಮೆ ಮೊನೆ ಇಳಿಸಿದರು. ಅಲ್ಲಿ ಗೆರೆ ಮುಕ್ಕಾಲು ಮೀಟರಿನಷ್ಟು ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ, ಅದೇ ಆಳಕ್ಕೆ ಇಳಿಸಿದ ಟೊಳ್ಳು ಕೊಳವೆ ಮಣ್ಣು ತುಂಬಿಕೊಂಡು ಮೇಲೆ ಬಂತು. ಒಳಗೆ ಕಪ್ಪಗೆ, ಒದ್ದೆಯಾಗಿ, ಕೊಳೆತ ಎಲೆಯ ವಾಸನೆ. ಬೆರಳಲ್ಲಿ ಹಿಸುಕಿದರೆ ಹುಲ್ಲಿನ ನಾರು ಸಿಕ್ಕಿತು. ಯಾವ ಕಾಲದ ಕೆರೆಯೋ.

“ಇದನ್ನ ನೋಡೋಕೆ ಎರಡು ಬಸ್ ಹತ್ತಿ ಬಂದ್ರಾ?” ಎಂದು ಅವನು ನಕ್ಕ. ಅವಳೂ ನಕ್ಕಳು. ಮರುದಿನ ಅವನ ಯಂತ್ರ ನಾನೂರು ಕಿಲೋಮೀಟರ್ ಆಚೆಗೆ ಹೊರಡುವುದಿತ್ತು.

ವಾಪಸು ಬರುವಾಗ ಬಸ್ಸಿನಿಂದಲೇ ತಂಗಿಗೆ ಫೋನ್ ಮಾಡಿದಳು. ಹಿಂದೆ ಕುಕ್ಕರಿನ ಸೀಟಿ, ನೆಂಟರ ಗಲಾಟೆ.

“ಅಕ್ಕಾ, ಅರ್ಜೆಂಟಾ?”

“ಏನಿಲ್ಲ ಕಣೇ, ಸುಮ್ನೆ ಮಾಡ್ದೆ.”

ಆಮೇಲೆ ಮಾಡ್ತೀನಿ ಎಂದ ತಂಗಿ ಮಾಡಲಿಲ್ಲ. ಮನೆಗೆ ಬಂದು ಅವಳು ಬೆಳಗಿನ ಅನ್ನ ಬಿಸಿ ಮಾಡಿ, ಅಡುಗೆಮನೆಯಲ್ಲಿ ನಿಂತೇ ಉಂಡಳು.

ಕಂಬಗಳನ್ನು ಹದಿನಾರು ಮೀಟರಿಗೆ ಇಳಿಸಲು ತೀರ್ಮಾನವಾಯಿತು. ಹೊಸ ವರದಿಯಲ್ಲಿ ಏಳು ಪದರಗಳಿದ್ದವು. ಎಲ್ಲರಿಗೂ ಧನ್ಯವಾದ ಎಂಬ ಒಂದು ಸಾಲಿನ ಮೇಲ್ ಎಲ್ಲರಿಗೂ ಬಂತು.

ಈಗ ಯಾವ ಫೈಲು ಬಂದರೂ ಅವಳು ಯಂತ್ರ ನಡೆಸಿದವರಿಗೆ ಒಮ್ಮೆ ಫೋನ್ ಮಾಡುತ್ತಾಳೆ. ಕೆಲವರು ಎರಡೇ ಮಾತಿಗೆ ಮುಗಿಸುತ್ತಾರೆ. ಕೆಲವರು ಎಲ್ಲಿ ಕಲ್ಲು ತಾಗಿತು, ಎಲ್ಲಿ ರಾಡು ವಾಲಿತು ಎಂದು ಬಿಡಿಸಿ ಹೇಳುತ್ತಾರೆ. ಎಲ್ಲ ಕೆಲಸದ ಮಾತೇ, ಹೆಚ್ಚೆಂದರೆ ಐದು ನಿಮಿಷ. ಹೇಳಿದ್ದನ್ನೆಲ್ಲ ಬರೆದುಕೊಂಡು, ಕಂಪ್ಯೂಟರ್ ಆರಿಸಿ, ಅವಳು ಮನೆಗೆ ಹೊರಡುತ್ತಾಳೆ.