ಐದು ಚರಣದ ಹಾಡು

ಟೆಸ್ ಟಾಲ್ಟಿ ಅಮೆರಿಕಕ್ಕೆ ಹೊರಟಾಗ ಅವಳ ಪೆಟ್ಟಿಗೆಗೆ ಹಗ್ಗ ಬಿಗಿದವಳು ನಾನೇ. ಇಬ್ಬರಿಗೂ ಆಗ ಹತ್ತೊಂಬತ್ತು. ನನಗೆ ಲಿಮರಿಕ್ ಪಟ್ಟಣದಲ್ಲಿ ಶಿಕ್ಷಕಿಯರ ಕಾಲೇಜಿಗೆ ಸೀಟು ಸಿಕ್ಕಿತ್ತು, ಅವಳಿಗೆ ನ್ಯೂಯಾರ್ಕಿನ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. ಊರೆಲ್ಲ ನನ್ನನ್ನೇ ಅದೃಷ್ಟವಂತೆ ಎಂದಿತು. ನನಗೂ ಹಾಗೇ ಅನಿಸಿತ್ತು.

ಆರು ವರ್ಷ ಕಳೆಯುವಷ್ಟರಲ್ಲಿ ಎಲ್ಲ ತಲೆಕೆಳಗಾಯಿತು. ಟೆಸ್ ಅಲ್ಲಿ ಮೊದಲು ಚರ್ಚಿನ ಹಾಲ್‌ನಲ್ಲಿ ಹಾಡಿದಳು, ಆಮೇಲೆ ನಮ್ಮವರು ಕುಣಿಯುವ ಹಾಲ್‌ಗಳಲ್ಲಿ, ಆಮೇಲೆ ಭಾನುವಾರದ ರೇಡಿಯೋದಲ್ಲಿ. ನಾಟಕದವರು ಕರೆದರು. ಕೊಟ್ಟದ್ದೆಲ್ಲ ಮನೆಗೆಲಸದವಳ ಪಾತ್ರ, ಕೈಯಲ್ಲೊಂದು ಕೆಟಲ್. ಕೊನೆಗೆ ಒಂದು ಸಿನಿಮಾದಲ್ಲೂ ಬಂದಳು. ಊರಿಗೆ ಊರೇ ಗಾಡಿ ಕಟ್ಟಿಕೊಂಡು ಕಿಲ್ರಷ್ ಪೇಟೆಗೆ ಹೋಗಿ ನೋಡಿತು. ಟೆಸ್ ಬಾಗಿಲು ತೆಗೆದು "ಯಜಮಾನರು ಮನೇಲಿಲ್ಲ" ಅಂದಳು, ಬಾಗಿಲು ಹಾಕಿದಳು. ಅಷ್ಟಕ್ಕೇ ನಮ್ಮವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೊಟ್ಟೆಯೊಳಗೆ ಮಾತ್ರ ಬೆಂಕಿ.

ಇಷ್ಟನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳ ಮೊದಲ ರೆಕಾರ್ಡು ಬಂತಲ್ಲ, ಅದರಲ್ಲಿದ್ದದ್ದು ನನ್ನ ಹಾಡು.

ನಮ್ಮ ಕ್ಲೇರ್ ಸೀಮೆಯಲ್ಲಿ ಹಾಡಿಗೆ ಒಡೆಯರಿರುತ್ತಾರೆ. ಒಡೆಯರು ಕೋಣೆಯಲ್ಲಿದ್ದರೆ ಅವರ ಅಪ್ಪಣೆಯಿಲ್ಲದೆ ಇನ್ನೊಬ್ಬರು ಅದನ್ನು ಬಾಯಿಗೆ ತರುವುದಿಲ್ಲ. ದೋಣಿ ಕಟ್ಟುವವನ ಹಾಡು ನನ್ನ ಅಜ್ಜಿಯದು. ಸಾಯುವ ಮುಂಚೆ ಅದನ್ನು ನನಗೆ ಒಪ್ಪಿಸಿದ್ದಳು. ಟೆಸ್ ನಮ್ಮ ಅಡುಗೆಮನೆಯಲ್ಲಿ ಕೂತು ಕೇಳಿ ಕಲಿತಿದ್ದಳು, ಅಷ್ಟೆ.

ರೆಕಾರ್ಡು ಬಂದ ವರ್ಷ ಒಂದು ಮದುವೆಯಲ್ಲಿ ನಾನು ಅದನ್ನು ಹಾಡಿದೆ. ಹಿಂದೆ ಕೂತಿದ್ದ ಹುಡುಗಿಯೊಬ್ಬಳು, "ಪರವಾಗಿಲ್ಲ ಕಣೇ, ನಮ್ಮ ಟೀಚರಮ್ಮ ಟೆಸ್ ಹಾಡನ್ನ ಚೆನ್ನಾಗೇ ಕಲ್ತಿದಾರೆ" ಅಂದಳು. ಆವತ್ತು ಬಾಯಿ ಮುಚ್ಚಿದ ನಾನು ನಾಲ್ಕು ವರ್ಷ ಹಾಡಲು ತೆರೆಯಲಿಲ್ಲ.

ಆ ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಟೆಸ್ ಊರಿಗೆ ಬಂದಳು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಅವಳ ಅಣ್ಣ ಸೆನನ್ ಎಲ್ಲರನ್ನೂ ಮನೆಗೆ ಕರೆದ. ಹೋಗಬಾರದೆಂದುಕೊಂಡೆ. ಹೋಗದಿದ್ದರೆ ಅವಳು ನನ್ನ ಹಾಡನ್ನು ನಿರಾಳವಾಗಿ ಹಾಡಿಬಿಡುತ್ತಾಳೆ ಅನಿಸಿತು. ಹೋದೆ, ಅವಳ ಕಣ್ಣೆದುರೇ ಕೂತೆ.

ಅವಳ ಟೋಪಿ ಸೊಗಸಾಗಿತ್ತು. ಅದನ್ನು ಒಲೆಯ ಹೊಗೆಯಿಂದ ದೂರ ಇಡಲು ಸೆನನ್ ತನ್ನ ಕೋಟನ್ನೇ ಮೊಳೆಯಿಂದ ಇಳಿಸಿ ಜಾಗ ಮಾಡಿಕೊಟ್ಟ. ಅದನ್ನೂ ನೋಡಿದೆ, ಅದಕ್ಕೂ ಕರುಬಿದೆ.

"ಆ ದೋಣೀದನ್ನ ಹಾಡು, ಟೆಸ್!" ಎಂದಳು ಅಂಗಡಿಯ ಹನೋರಾ. ಊರಿಗೊಂದೇ ಗ್ರಾಮಫೋನು, ಅದು ಅವಳದು.

ಟೆಸ್ ನನ್ನ ಕಡೆ ನೋಡಿದಳು. "ಬೇಡ, ಬೇರೆ ಹಾಡ್ತೀನಿ" ಎಂದು ಕುರಿ ಕಾಯುವವಳದೊಂದು ತಮಾಷೆಯ ಹಾಡು ಹೇಳಿದಳು. ಹಾಡಿದವರು ಮುಂದಿನವರನ್ನು ಹೆಸರಿಸಬೇಕು, ಹೆಸರು ಬಂದವರು ಇಲ್ಲವೆನ್ನುವಂತಿಲ್ಲ.

"ಯೂನಾ" ಅಂದಳು.

"ನನ್ ಹತ್ರ ಏನಿದೆ? ಇದ್ದದ್ದನ್ನ ನೀನು ಹಡಗು ಹತ್ತಿಸ್ಕೊಂಡು ಹೋದ್ಯಲ್ಲ."

ಟೆಸ್ ಎದ್ದು ಬಂದು ಪಕ್ಕದಲ್ಲಿ ಕೂತಳು. "ಬೈಯೋದನ್ನ ಆಮೇಲೆ ಬೈ ಮಾರಾಯ್ತಿ. ಈಗ ಹಾಡು" ಎಂದು ನನ್ನ ಕೈ ಹಿಡಿದುಕೊಂಡಳು. ಹಾಡುವವರ ಕೈ ಹಿಡಿದು ಹಾಡಿನ ಲಯಕ್ಕೆ ಮೆಲ್ಲಗೆ ತಿರುವುತ್ತಿರುವುದು ನಮ್ಮಲ್ಲಿ ರೂಢಿ. ಅವಳ ಬೆರಳುಗಳು ಇನ್ನೂ ಒರಟಾಗಿದ್ದವು.

ಕಣ್ಣು ಮುಚ್ಚಿ ಶುರು ಮಾಡಿದೆ. ಮೂರು ಚರಣ ದೋಣಿ ಕಟ್ಟುವವನ ಮಾತು, ಹುಡುಗಿಗೆ ಅವನು ಕೊಡುವ ಭಾಷೆ. ಮುಗಿಯುತ್ತಲೇ ಜನ ಚಪ್ಪಾಳೆಗೆ ಕೈಯೆತ್ತಿದರು. ನಾನು ನಿಲ್ಲಿಸಲಿಲ್ಲ. ನಾಲ್ಕನೆಯದರಲ್ಲಿ ಹುಡುಗಿ ಬಾಯಿ ತೆರೆಯುತ್ತಾಳೆ. ಅದರ ಎರಡನೇ ಸಾಲಿಗೆ ನಾಲಿಗೆ ತಡವರಿಸಿತು. ನಾಲ್ಕು ವರ್ಷ ಬೀಗ ಹಾಕಿಟ್ಟ ಹಾಡಲ್ಲವೇ. ಟೆಸ್ ರಾಗವೆತ್ತಲಿಲ್ಲ. ಒಂದೇ ಒಂದು ಪದವನ್ನು ನನ್ನ ಕಿವಿಗಷ್ಟೇ ಉಸುರಿ ಕೈ ತಿರುವುತ್ತ ಕೂತಳು. ಐದನೆಯದೂ ಮುಗಿಯಿತು.

ಹನೋರಾ ಕಣ್ಣೊರೆಸಿಕೊಂಡಳು. "ಅಬ್ಬಾ ಟೆಸ್! ಬಂದು ಮೂರ್ ದಿನ ಆಗಿಲ್ಲ, ಟೀಚರಮ್ಮಂಗೆ ಎರಡು ಚರಣ ಹೆಚ್ಚಿಗೆ ಕಲಿಸ್ಬಿಟ್ಟಿದೀಯಲ್ಲೇ!"

"ಅಯ್ಯೋ ಹನೋರಾಕ್ಕ, ಹಾಡು ಅವಳದು" ಎಂದಳು ಟೆಸ್, ಎಲ್ಲರಿಗೂ ಕೇಳುವಂತೆ. "ಐದು ಚರಣಾನೂ ಅವಳ ಅಜ್ಜೀದು. ರೆಕಾರ್ಡಿನವರು ನಂಗೆ ಕೊಟ್ಟಿದ್ದೇ ಮೂರು ನಿಮಿಷ. ಕೇಳದೆ ತಗೊಂಡೆ, ಅರ್ಧಂಬರ್ಧ ಹಾಡ್ದೆ." ನನ್ನ ಕಡೆ ತಿರುಗಿದಳು. "ಈಗ ಕೇಳ್ತಿದೀನಿ ಯೂನಾ. ಅಪ್ಪಣೆ ಕೊಡ್ತೀಯಾ?"

ನನಗೆ ಬೇಕಿದ್ದದ್ದು ಅದೇ. ಇಡೀ ಊರಿನೆದುರು ಸಿಕ್ಕಿತು. ಸಿಕ್ಕ ಮೇಲಾದರೂ ಮನಸ್ಸು ದೊಡ್ಡದಾಗಬೇಕಿತ್ತು, ಆಗಲಿಲ್ಲ.

"ಆ ಮೂರು ನೀನೇ ಇಟ್ಕೋ" ಎಂದೆ. "ಹುಡುಗಿ ಮಾತಿನ ಎರಡು ನಂದು. ಅದನ್ನ ಹಾಡ್ಬೇಡ."

"ಎಂಥಾ ಜಿಪುಣಿ ನೋಡ್ರೋ ಈ ಟೀಚರಮ್ಮ!" ಎಂದು ಸೆನನ್ ನಕ್ಕ. ಎಲ್ಲರೂ ನಕ್ಕರು. ಟೆಸ್ ನಗಲಿಲ್ಲ. "ಆಯ್ತು" ಅಂದಳು.

ಅವಳು ಆಮೇಲೆ ಮತ್ತೆ ಇಪ್ಪತ್ತೊಂದು ವರ್ಷ ಹಾಡಿದಳು. ಅಷ್ಟು ಹೊತ್ತಿಗೆ ಉದ್ದದ ರೆಕಾರ್ಡುಗಳು ಬಂದಿದ್ದವು, ಐದೇನು, ಹತ್ತು ಚರಣ ಹಿಡಿಯುವಂಥವು. ಅವುಗಳಲ್ಲೂ ಮೂರನ್ನೇ ಹಾಡಿದಳು. ಅವಳು ತೀರಿಕೊಂಡ ಮೇಲೆ, ನ್ಯೂಯಾರ್ಕಿನಲ್ಲಿದ್ದ ನನ್ನ ಹಳೇ ವಿದ್ಯಾರ್ಥಿಯೊಬ್ಬ ಕಾಗದ ಬರೆದ. ಅವಳ ಕೊನೆಯ ಕಛೇರಿಯಲ್ಲಿ ಅವನಿದ್ದನಂತೆ. ಕ್ಲೇರ್ ಕಡೆಯ ಮುದುಕನೊಬ್ಬ ಎದ್ದು, "ಉಳಿದದ್ದೂ ಹಾಡಮ್ಮ, ಇನ್ನೂ ಇದೆ ಅದು" ಎಂದು ಕೂಗಿದನಂತೆ. "ಇದೆ ಕಣಪ್ಪ, ಅದು ಊರಲ್ಲಿರೋ ನನ್ನ ಗೆಳತೀದು. ಬೇಕಿದ್ರೆ ಹಡಗು ಹತ್ತು" ಅಂದಳಂತೆ ಟೆಸ್.

ಆ ರಾತ್ರಿಯ ಅತಿ ದೊಡ್ಡ ಚಪ್ಪಾಳೆ ಆ ಮಾತಿಗೇ ಬಿತ್ತು ಎಂದು ಬರೆದಿದ್ದ. ಓದುತ್ತ ಅತ್ತೆ. ಅಳುತ್ತಲೇ, ಆ ಚಪ್ಪಾಳೆಗೂ ಕರುಬಿದೆ.