ಮೇಲಕ್ಕೋ ಕೆಳಕ್ಕೋ

ನಾನು ಬೆಟ್ಟ ಹತ್ತಿದವಳಲ್ಲ. ಸಸ್ಯ ಸಂಗ್ರಹಾಲಯದ ಎರಡನೇ ಮಹಡಿ ಹತ್ತುವಷ್ಟರಲ್ಲೇ ಏದುಸಿರು ಬಿಡುತ್ತೇನೆ. ಆದರೆ ಇಪ್ಪತ್ತಾರು ವರ್ಷ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿದ ಕೈ ಇದು. ಒಂದು ಎಲೆ ಕೊಟ್ಟರೆ ಸಾಕು, ಬೆಟ್ಟದ ಯಾವ ಎತ್ತರದ್ದೆಂದು ಹೇಳಬಲ್ಲೆ. ಬುಡದ ಕಾಡಿನ ಎಲೆ ಮೊರದಗಲ, ಮಳೆನೀರು ಜಾರಿಹೋಗಲೆಂದು ತುದಿ ಚೂಪು. ನಡುವಿನ ಕಾಡಿನದು ಅಂಗೈಯಗಲ. ಇನ್ನೂ ಮೇಲೆ, ಮೋಡಗಳು ಮರಗಳ ನಡುವೆಯೇ ಠಿಕಾಣಿ ಹೂಡುವ ಕಡೆ, ಮರಗಳೇ ಆಳೆತ್ತರಕ್ಕೆ ಕುಗ್ಗಿ ಸೊಟ್ಟಗಾಗುತ್ತವೆ. ಅಲ್ಲಿನ ಎಲೆ ಉಗುರಿನಷ್ಟು, ಚಕ್ಕಳದ ಹಾಗೆ ದಪ್ಪ, ಕೊಂಬೆಯ ತುಂಬಾ ನೀರು ಕುಡಿದ ಪಾಚಿ.

ಇವನ್ನೆಲ್ಲ ತಂದು ಸುರಿಯುತ್ತಿದ್ದವನು ನನ್ನ ತಮ್ಮ. ಅಮ್ಮ ಹೋದಾಗ ಅವನಿಗೆ ಏಳು, ನನಗೆ ಹತ್ತೊಂಬತ್ತು. ಬೈದು ಬೈದೇ ಬೆಳೆಸಿದೆ, ಅವನು ಇದೇ ಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಬೈಯುವುದನ್ನು ಬಿಡಲಿಲ್ಲ. ಕಾಡಿನಲ್ಲಿ ಕಿತ್ತ ಗಿಡಗಳನ್ನು ಹಳೆಯ ಪತ್ರಿಕೆಗಳ ನಡುವೆ ಹರಡಿ, ಒಂದರ ಮೇಲೊಂದು ಪೇರಿಸಿ, ಮೇಲೊಂದು ಕೆಳಗೊಂದು ಮರದ ಚೌಕಟ್ಟಿಟ್ಟು ಪಟ್ಟಿಯಿಂದ ಬಿಗಿಯುತ್ತಾರೆ. ಅದಕ್ಕೆ ಪ್ರೆಸ್ಸು ಅನ್ನುತ್ತೇವೆ. ಮೊದಲು ಕಿತ್ತದ್ದು ಅಡಿಗೆ, ಆಮೇಲಿನದು ಮೇಲೆ. ಪುಣ್ಯಾತ್ಮ ಪಾಚಿ ಹಿಡಿದ ಕೊಂಬೆಗಳನ್ನೂ ಹಾಗೇ ನಡುವೆ ತುರುಕುತ್ತಿದ್ದ. ನೀರಿಳಿದು ಕೆಳಗಿನ ಹಾಳೆಗಳಿಗೆಲ್ಲ ಬೂಷ್ಟು ಹಿಡಿಯುತ್ತಿತ್ತು. ಒಂದು ದಿನ ತಲೆ ಕೆಟ್ಟು, ಒದ್ದೆಯದನ್ನು ಬೇರೆಯೇ ಸುತ್ತಿ ಎಲ್ಲಕ್ಕಿಂತ ಅಡಿಯಲ್ಲಿಡಬೇಕು, ಇಲ್ಲದಿದ್ದರೆ ನಾನು ಮುಟ್ಟುವುದೇ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದೆ. ಆಯ್ತು ಮಹಾತಾಯಿ ಎಂದು ಕೈಮುಗಿದ. ಆ ಮಾತನ್ನು ಮಾತ್ರ ಅವನು ಒಮ್ಮೆಯೂ ಮೀರಲಿಲ್ಲ.

ಒಂದು ಬೇಸಿಗೆಯಲ್ಲಿ ಬೆಟ್ಟಕ್ಕೆ ಒಬ್ಬನೇ ಹೋದವನು ಹೇಳಿದ ದಿನ ಬರಲಿಲ್ಲ. ಮರುದಿನ ಮಧ್ಯಾಹ್ನ ಒಬ್ಬ ಅರಣ್ಯ ರಕ್ಷಕ ಅವನ ಪ್ರೆಸ್ಸನ್ನು ತಂದು ನನ್ನ ಮೇಜಿನ ಮೇಲಿಟ್ಟ. ಬೆಟ್ಟದ ನಡುವೆ ಒಂದು ಗುಡಿಸಲಿದೆ, ಅಲ್ಲಿ ಸಿಕ್ಕಿತಂತೆ, ಆಳಿಲ್ಲ. ಹುಡುಕಲು ಇರುವವರು ಎಂಟು ಜನ, ಮಂಜು ಬೇರೆ. ತಂಡದ ಮುಖ್ಯಸ್ಥ ಫೋನಿನಲ್ಲಿ ಸುತ್ತಿ ಬಳಸದೆ ಕೇಳಿದ.

"ಅವರು ತುದಿಗೆ ಹೋಗಿ ಬಂದಿದ್ದಾರೋ, ಇನ್ನೂ ಹೋಗಬೇಕಿತ್ತೋ? ಅಷ್ಟು ಗೊತ್ತಾದ್ರೆ ಮೇಲೆ ಹುಡುಕ್ಬೇಕಾ ಕೆಳಗಾ ಅಂತ ತೀರ್ಮಾನ ಮಾಡ್ತೀವಿ."

ಅದಕ್ಕೆ ಉತ್ತರ ಪ್ರೆಸ್ಸಿನಲ್ಲೇ ಇತ್ತು. ತುದಿಯ ಎಲೆ ಅದರಲ್ಲಿದ್ದರೆ ಅವನು ಮೇಲಿಂದ ಇಳಿದು ಬಂದಿದ್ದಾನೆ, ಗುಡಿಸಲಿನ ಕೆಳಗೆಲ್ಲೋ ಇದ್ದಾನೆ. ಇಲ್ಲದಿದ್ದರೆ ಪ್ರೆಸ್ಸನ್ನು ಅಲ್ಲಿ ಬಿಟ್ಟು ಬರೀ ಚೀಲ ಹಿಡಿದು ಮೇಲಕ್ಕೆ ಹೋಗಿದ್ದಾನೆ. ಹಾಳೆಗಳಿಗೆ ನಂಬರನ್ನೂ ಹಾಕಿರಲಿಲ್ಲ ಸೋಮಾರಿ.

ಒಂದು ಪಟ್ಟಿ ಸಡಿಲಿಸಿ ಮೇಲಿನ ಹತ್ತು ಹನ್ನೆರಡು ಹಾಳೆ ಎತ್ತಿ ನೋಡಿದೆ. ಎಲ್ಲ ಅಂಗೈಯಗಲದವು. ತುದಿಗೆ ಹೋಗಿ ಬಂದಿದ್ದರೆ ಕೊನೆಗೆ ಕಿತ್ತ ಅಲ್ಲಿನ ಎಲೆ ಮೇಲೆಯೇ ಇರಬೇಕಿತ್ತು. ಇನ್ನೊಂದು ಪಟ್ಟಿಗೆ ಕೈ ಹಾಕಿದೆ, ಹಿಂದಕ್ಕೆ ತೆಗೆದೆ. ಅರೆ ಒಣಗಿದ ಎಲೆಗಳ ಬಿಗಿ ಬಿಚ್ಚಿದರೆ ಸುರುಟಿಕೊಂಡು ಹಾಳಾಗುತ್ತವೆ. ನಾಲ್ಕು ದಿನದ ದುಡಿಮೆ, ಬಂದು ನೋಡಿದರೆ ನನ್ನ ಮೇಲೆ ಹಾರಾಡುತ್ತಾನೆ ಅನ್ನಿಸಿತು. ಅವನು ಬಂದೇ ಬರುತ್ತಾನೆ ಎಂದು ನಾನು ಅಷ್ಟು ನಂಬಿದ್ದೆ.

"ತುದಿ ಮುಟ್ಟಿಲ್ಲ. ಮೇಲೆ ಹುಡುಕಿ" ಎಂದೆ.

ಎರಡು ದಿನ ಎಂಟೂ ಜನ ಅವನ ಹೆಸರು ಕೂಗುತ್ತ ಮೇಲೆ ಅಲೆದರು. ಮೂರನೆಯ ದಿನ ಬರಿಗೈಯಲ್ಲಿ ಇಳಿದು ಬರುವಾಗ, ಗುಡಿಸಲಿನ ಕೆಳಗಿನ ತೊರೆಯ ಬಂಡೆಗಳ ಸಂದಿಯಲ್ಲಿ ಸಿಕ್ಕ. ಕುಡಿಯುವ ನೀರು ತರಲು ಇಳಿದವನು ಜಾರಿದ್ದ, ತೊಡೆಯ ಮೂಳೆ ಮುರಿದಿತ್ತು. ಪ್ರಾಣ ಹೋಗಿ ಒಂದು ದಿನವೂ ಆಗಿಲ್ಲ ಎಂದರು ಡಾಕ್ಟರು.

ಮಣ್ಣು ಮಾಡಿ ಬಂದ ಮೇಲೆ ಪ್ರೆಸ್ಸನ್ನು ಪೂರ್ತಿ ಬಿಚ್ಚಿದೆ. ಎಲ್ಲಕ್ಕಿಂತ ಅಡಿಯಲ್ಲಿ, ಬೇರೆಯೇ ಸುತ್ತಿಟ್ಟ ಕಟ್ಟಿನಲ್ಲಿ, ಉಗುರಿನಷ್ಟು ಎಲೆಗಳು, ಪಾಚಿ. ಇನ್ನೂ ತೇವ ಆರಿರಲಿಲ್ಲ. ಅಲ್ಲಿಡು ಎಂದು ಹೇಳಿದ್ದವಳು ನಾನೇ. ಆ ದಿನ ನನಗೆ ಅದು ನೆನಪಾಗಲಿಲ್ಲ. ಯಾಕೆ ನೆನಪಾಗಲಿಲ್ಲ ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಬಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಹೆಂಡತಿಯಂತೂ, ಅಕ್ಕ ಇದ್ದಿದ್ದಕ್ಕೆ ತಡಮಾಡದೆ ಹುಡುಕಿದರು ಎಂದು ಬಂದವರ ಮುಂದೆಲ್ಲ ನನ್ನನ್ನು ಹೊಗಳುತ್ತಿದ್ದಳು. ಅದನ್ನು ಕೇಳುತ್ತ ಕೂರುವುದು ಬೆಂಕಿಯ ಮೇಲೆ ಕೂತ ಹಾಗಾಗುತ್ತಿತ್ತು. ಒಂಬತ್ತು ದಿನ ತಡೆದೆ. ಹತ್ತನೆಯ ದಿನ ಬೆಳಿಗ್ಗೆ ಅವಳು ಅವನ ಅಂಗಿಗಳನ್ನು ಮಡಚುತ್ತಿದ್ದಾಗ, ಎದುರಿಗೆ ನೆಲದ ಮೇಲೆ ಕೂತು, ಒಂದನ್ನೂ ಬಿಡದೆ ಎಲ್ಲ ಹೇಳಿಬಿಟ್ಟೆ.

ಅವಳು ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಚಿ ಮುಗಿಸಿದಳು. ಆಮೇಲೆ ತಲೆ ಎತ್ತದೆಯೇ ಕೇಳಿದಳು.

"ಅಷ್ಟು ಜನ ಕೂಗ್ತಾ ಮೇಲೆ ಹತ್ತಿದ್ದು ಇವರಿಗೆ ಕೇಳಿಸಿರುತ್ತೆ, ಅಲ್ವಾ ಅಕ್ಕ? ತಿರುಗಿ ಕೂಗೋಕೆ ಆಗಿರ್ಲಿಲ್ಲ ಅಷ್ಟೇ."

ತೊರೆಯ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಬೇಸಿಗೆಗೆ ತೊರೆ ಬತ್ತಿಹೋಗಿ ಅಲ್ಲಲ್ಲಿ ಗುಂಡಿ ನೀರಷ್ಟೇ ಉಳಿದಿತ್ತು, ಸದ್ದೇ ಇರಲಿಲ್ಲ ಎಂದು ತಂಡದ ಮುಖ್ಯಸ್ಥ ನನಗೆ ಹೇಳಿದ್ದ.

"ಕೇಳಿಸಿರುತ್ತೆ" ಎಂದೆ.